ರಜೆಯ ಎರಡು ತಿಂಗಳು

ನಮ್ಮ ಕಡೆ ಹಿರಿಯರು ಇವತ್ತಿಗೂ ಹಾಸ್ಟೆಲ್ ಅನ್ನುವುದಿಲ್ಲ, ಬೋರ್ಡಿಂಗ್ ಅನ್ನುತ್ತಾರೆ. ಮಗಳು ಎಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ಅಪ್ಪ ‘ಬೋರ್ಡಿಂಗಿನಾಗ ಅದಾಳ್ರಿ’ ಎನ್ನುತ್ತಿದ್ದ. ಆ ಮಾತಿನಲ್ಲಿ ಒಂದು ನಿರಾಳ ಇರುತ್ತಿತ್ತು. ಹೊತ್ತಿಗೆ ಊಟ ಉಂಟು, ಮೇಲೆ ಸೂರು ಉಂಟು, ಇನ್ನು ಓದುವುದೊಂದು ಅವಳ ಪಾಲಿನದು ಎಂಬ ನಿರಾಳ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಡಿಗ್ರಿ ಮುಗಿಸಿದ ನನ್ನ ವಾರಿಗೆಯ ಹೆಣ್ಣುಮಕ್ಕಳನ್ನು ನೆನೆಸಿಕೊಂಡರೆ, ಅವರಲ್ಲಿ ಬಹಳ ಮಂದಿ ಹಿಂದುಳಿದ ವರ್ಗಗಳ ಇಲಾಖೆಯ ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಅನ್ನ ಉಂಡವರು. ನಾನೂ ಉಂಡವಳು. ಹಾಗಾಗಿ ಇಲ್ಲಿ ಹಾಸ್ಟೆಲಿನ ಸಾರು ನೀರಾಗಿತ್ತು ಎಂಬ ಹಳೆಯ ರಾಗ ಹಾಡುವುದಿಲ್ಲ. ನನ್ನ ತಕರಾರು ಒಂದು ಸಣ್ಣ ಲೆಕ್ಕದ್ದು. ಹಾಸ್ಟೆಲಿಗೆ ಹತ್ತು ತಿಂಗಳು, ವರ್ಷಕ್ಕೆ ಹನ್ನೆರಡು.

ಮನೆ ಇರುವವರಿಗೆ ಈ ಲೆಕ್ಕ ಕಾಣುವುದೇ ಇಲ್ಲ. 2019ರ ಆಗಸ್ಟ್ ತನಕ ನನಗೂ ಕಂಡಿರಲಿಲ್ಲ. ನಮ್ಮದು ಹಾನಗಲ್ಲಿನ ಹತ್ತಿರದ ಒಂದು ಹಳ್ಳಿ. ಮಣ್ಣಿನ ಗೋಡೆಯ ಬಾಡಿಗೆ ಮನೆ. ಆ ಆಗಸ್ಟ್‌ನಲ್ಲಿ ಬಿಡದೆ ಹೊಡೆದ ಮಳೆಗೆ ಮೊದಲು ಹಿತ್ತಲ ಗೋಡೆ, ಆಮೇಲೆ ನಡುಮನೆಯ ಗೋಡೆ ಕೂತಿತು. ಬಟ್ಟೆಬರೆ, ಪಾತ್ರೆಪಗಡಕ್ಕೆಂದು ಸರ್ಕಾರ ಕೊಟ್ಟ 10,000 ರೂಪಾಯಿ ನಮಗೆ ಬಂತು. ಮನೆ ಪೂರಾ ಬಿದ್ದವರಿಗೆ ಘೋಷಿಸಿದ 5 ಲಕ್ಷ ಮಾಲೀಕರಿಗೆ ಸೇರಿದ್ದು. ಮನೆ ಅವರದು, ಅದರಲ್ಲಿ ತಪ್ಪೇನಿಲ್ಲ. ಬಾಡಿಗೆಗಿದ್ದವರು ಕಳೆದುಕೊಂಡದ್ದಕ್ಕೆ ಏನೆಂದು ಹೆಸರಿಡಬೇಕು ಎನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅಪ್ಪ, ಅವ್ವ ಗೋವಾಕ್ಕೆ ದುಡಿಯಲು ಹೋದರು. ಕಟ್ಟಡದ ಕೆಲಸ, ಕೆಲಸದ ಜಾಗದಲ್ಲೇ ತಗಡಿನ ಶೆಡ್ಡು. ನಾನು ಆಗ ಎಂ.ಎ. ಮೊದಲ ವರ್ಷ, ಜಿಲ್ಲಾ ಕೇಂದ್ರದ ಒಂದು ಹಾಸ್ಟೆಲಿನಲ್ಲಿ. ತಮ್ಮ ಹಾನಗಲ್ಲಿನಲ್ಲಿ ಬಿ.ಎ. ಓದುತ್ತಿದ್ದ.

ದಸರೆಗೆ ನೋಟಿಸು ಬಿತ್ತು: ಇಂಥ ತಾರೀಖಿನೊಳಗೆ ಎಲ್ಲರೂ ಕೊಠಡಿ ಖಾಲಿ ಮಾಡತಕ್ಕದ್ದು. ಹುಡುಗಿಯರು ಕುಣಿದಾಡಿಕೊಂಡು ಬ್ಯಾಗು ಕಟ್ಟಿದರು. ಹಿರೇಕೆರೂರು ಕಡೆಯ ಗೆಳತಿಯೊಬ್ಬಳು ನನ್ನ ಮುಖ ನೋಡಿ, ‘ನಮ್ಮೂರಾಗ ಬೀಜದ ಹೊಲದ ಕೆಲಸ ಐತಿ, ಬರ್ತಿಯೇನ?’ ಎಂದಳು. ಕರುಣೆ ತೋರಿಸದೆ ಕೂಲಿ ತೋರಿಸಿದ್ದಕ್ಕೆ ನಾನು ಅವಳಿಗೆ ಈಗಲೂ ಋಣಿ. ಹತ್ತಿ ಕ್ರಾಸಿಂಗಿನ ಕಾಲ ಅದು. ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವುದು. ಮಧ್ಯಾಹ್ನ ಬದುವಿನ ಮೇಲೆ ಕೂತು ನೋಟ್ಸು ಓದಿದೆ. ರಜೆ ಹೇಗೋ ಕಳೆಯಿತು.

ಮುಂದಿನದು ಹಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಹಾಸ್ಟೆಲುಗಳನ್ನು ಖಾಲಿ ಮಾಡಿಸಿದರು. ಎಷ್ಟು ದಿನಕ್ಕೆ ಎಂದು ಹೇಳುವವರಿರಲಿಲ್ಲ. ನಾನು ಸವಣೂರಿನ ಗೆಳತಿಯ ಮನೆಗೆ ಒಂದು ವಾರಕ್ಕೆಂದು ಹೋದೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು, ಬಸ್ಸು ನಿಂತವು. ಎರಡು ಕೋಣೆಯ ಮನೆ, ಏಳು ಮಂದಿ, ನಾನು ಎಂಟನೆಯವಳು. ಅವಳಪ್ಪನದು ಎಲೆ ವ್ಯಾಪಾರ. ಸವಣೂರ ಎಲೆ ಅಂದರೆ ಹೆಸರುವಾಸಿ, ಆದರೆ ಸಂತೆಯೇ ಇಲ್ಲದ ಮೇಲೆ ಎಲೆಯನ್ನು ಯಾರಿಗೆ ಮಾರುವುದು? ಕಟ್ಟು ಕಟ್ಟಿಟ್ಟ ಎಲೆ ಮನೆಯಲ್ಲೇ ಹಳದಿಯಾಗುತ್ತಿತ್ತು. ಅದರ ನಡುವೆ ರಂಜಾನ್ ಬಂತು. ನಸುಕಿನಲ್ಲಿ ಅವರೊಂದಿಗೆ ಎದ್ದು ಉಣ್ಣುತ್ತಿದ್ದೆ. ಹಗಲೆಲ್ಲ ಮನೆಮಂದಿ ಉಪವಾಸ ಇರುವಾಗ ನನಗೊಬ್ಬಳಿಗೆ ಒಲೆ ಹಚ್ಚುವುದು ಬೇಡವೆಂದು ನಾನೂ ಹಾಗೇ ಇರುತ್ತಿದ್ದೆ. ಗೆಳತಿಯ ತಾಯಿಗೆ ಅದು ಗೊತ್ತಾದ ದಿನ ಬೈದರು: ‘ನಮ್ದು ರೋಜಾ ಐತಿ, ನಿನಗೇನ್ ಆಗೇತವ್ವಾ? ಹೊಟ್ಟಿ ಬಿಗಿಹಿಡಿದು ಕುಂತ್ರ ಪಾಠ ತಲಿಗೆ ಹತ್ತತೈತೇನು?’ ಅಂದಿನಿಂದ ಮಧ್ಯಾಹ್ನ ಒಂದು ತಾಟು ಅನ್ನ ನನ್ನ ಮುಂದೆ ಬರುತ್ತಿತ್ತು. ಎರಡು ತಿಂಗಳಿಗೂ ಮೇಲೆ ಆ ಮನೆಯಲ್ಲಿದ್ದೆ. ಅವರು ಒಮ್ಮೆಯೂ ದಿನ ಎಣಿಸಲಿಲ್ಲ, ಎಣಿಸುತ್ತಿದ್ದವಳು ನಾನು.

ಶಿಗ್ಗಾಂವಿಯಲ್ಲಿ ಇನ್ನೊಬ್ಬ ಗೆಳತಿಯ ಮನೆಯಲ್ಲೂ ಕೆಲವು ವಾರ ಇದ್ದೆ. ಒಳ್ಳೆಯ ಜನ. ಅವಳ ಅಜ್ಜಿ ಒಂದು ಸಂಜೆ ಕಾಳು ಹಸನು ಮಾಡುತ್ತ ಯಾರಿಗೋ ಹೇಳುವ ಹಾಗೆ, ‘ಮನಿ ಇಲ್ಲದ ಹುಡುಗಿಗೆ ಲಗ್ನ ಮಾಡಿದ್ರ ಮನಿ ತಾನ ಸಿಗತೈತಿ’ ಎಂದಳು. ಅಜ್ಜಿಯದು ಕೆಟ್ಟ ಮನಸ್ಸಲ್ಲ. ಲೋಕ ಕಂಡುಕೊಂಡ ಪರಿಹಾರವನ್ನೇ ಹೇಳಿದಳು. ಅವ್ವನೂ ಗೋವಾದಿಂದ ಫೋನಿನಲ್ಲಿ ಎರಡು ಸಲ ಅದನ್ನೇ ಹೇಳಿದ್ದಳು. ಹೆಣ್ಣು ಹುಡುಗಿಯ ಓದು ನಿಲ್ಲುವುದು ಪರೀಕ್ಷೆಯಲ್ಲಿ ಫೇಲಾಗಿ ಎಂದು ತಿಳಿದವರಿದ್ದಾರೆ. ನಾನು ಕಂಡಂತೆ ಅದು ನಿಲ್ಲುವುದು ಏಪ್ರಿಲ್, ಮೇ ತಿಂಗಳಲ್ಲಿ, ಅವಳು ಯಾರ ಮನೆಯಲ್ಲೋ ಇರುವಾಗ.

ತಮ್ಮನ ಕತೆ ಬೇರೆ. ಅವನಿಗೆ ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಹಾಗೆ ಸಿಗದವರಿಗೆಂದೇ ‘ವಿದ್ಯಾಸಿರಿ’ ಇದೆ. 2013ರಲ್ಲಿ ಬಂದ ಸಿದ್ದರಾಮಯ್ಯನವರ ಸರ್ಕಾರ ತಂದ ಯೋಜನೆ. ಮೆಟ್ರಿಕ್ ನಂತರ ಓದುವ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆ ಆಗ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದರು, ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ ಬಿತ್ತು. ಒಳ್ಳೆಯ ಯೋಜನೆ, ಎಷ್ಟೋ ಹುಡುಗರ ಕೋಣೆಯ ಬಾಡಿಗೆ ಅದರಿಂದಲೇ ಸಂದಿದೆ. ಅದಕ್ಕೊಂದು ಷರತ್ತು: ಕಾಲೇಜು ಮನೆಯಿಂದ ಐದು ಕಿಲೋಮೀಟರಿಗಿಂತ ದೂರ ಇರಬೇಕು. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ತಮ್ಮನ ವಿಳಾಸ ನಮ್ಮ ಹಳ್ಳಿಯದೇ. ಅದು ಕಾಲೇಜಿಗೆ ನಾಲ್ಕು ಕಿಲೋಮೀಟರ್. ಬಿದ್ದ ಮನೆ ಅವನಿಗೆ ತೀರಾ ಹತ್ತಿರವಾಯಿತು. ‘ಮನೆ ಇಲ್ರೀ’ ಎಂದರೆ ‘ಹಂಗಾರ ಹೊಸ ವಿಳಾಸದ್ದು ತಗೊಂಡ ಬಾ’ ಎಂದರಂತೆ. ಅವನು ಒಬ್ಬ ಸಹಪಾಠಿಯ ಮನೆಯ ಅಟ್ಟದಲ್ಲಿ ಮಲಗುತ್ತಿದ್ದ. ಅಟ್ಟಕ್ಕೆ ಯಾರು ವಿಳಾಸ ಬರೆದುಕೊಡುತ್ತಾರೆ? ಎರಡನೆಯ ವರ್ಷದ ನಡುವೆ ಅವನೂ ಗೋವಾದ ಬಸ್ಸು ಹತ್ತಿದ. ಈಗ ಮಡಗಾಂವಿಯಲ್ಲಿ ಟೈಲ್ಸ್ ಕೂಡಿಸುತ್ತಾನೆ. ಕೈಕೆಲಸ ನಾಜೂಕು ಎಂದು ಮೇಸ್ತ್ರಿ ಹೊಗಳುತ್ತಾನಂತೆ.

ಅನಾಥನಾಗಿದ್ದರೆ ಅವನಿಗೆ ಬೇರೆ ಬಾಗಿಲೊಂದಿತ್ತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಸರ್ಕಾರದ ಆರೈಕೆಯಲ್ಲಿ ಬೆಳೆದ ಮಕ್ಕಳು ಹದಿನೆಂಟಕ್ಕೆ ಹೊರಬಿದ್ದಾಗ ಇಪ್ಪತ್ತೊಂದರ ತನಕ ‘ಅನುಪಾಲನೆ’ಯ ನೆರವು ಸಿಗಬಹುದು. ನಮಗೆ ತಂದೆ ತಾಯಿ ಇದ್ದಾರೆ, ಮನೆ ಇಲ್ಲ. ಈ ಎರಡೂ ಒಟ್ಟಿಗೆ ಇರಬಹುದು ಎಂದು ಊಹಿಸಿದ ಅರ್ಜಿ ನಮೂನೆಯನ್ನು ನಾನಿನ್ನೂ ನೋಡಿಲ್ಲ.

ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನಾನು ಮಾಡಿದ್ದೂ ಅದನ್ನೇ, ದಿನದ ಬದಲು ವಾರ, ಓಣಿಯ ಬದಲು ತಾಲ್ಲೂಕು. ವಾರಾನ್ನದ ನೆನಪುಗಳನ್ನು ಹಿರಿಯರು ತುಂಬ ಪ್ರೀತಿಯಿಂದ ಬರೆದಿದ್ದಾರೆ. ಆದರೆ ಉಣ್ಣುವವನ ಜಾತಿ ನೋಡದೆ ಎಲೆ ಹಾಕುತ್ತಿದ್ದ ಮನೆಗಳು ಎಷ್ಟಿದ್ದವು? ಸರ್ಕಾರಿ ಹಾಸ್ಟೆಲಿನ ದೊಡ್ಡತನ ಇರುವುದು ಇಲ್ಲೇ. ಅಲ್ಲಿ ತಾಟು ಮುಂದಿಟ್ಟವರಿಗೆ ಕೈ ಮುಗಿಯಬೇಕಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕಲ್ಪನೆ ಇತ್ತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಹುಡುಗ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ತಮ್ಮಂಥ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ಕೊನೆಗೆ ನೆಲೆ ನಿಂತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಅವರ ನಂತರ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ಅದನ್ನು ನಡೆಸಿದರು. ಬಂದ ಹುಡುಗನಿಗೆ ಹೋಗಲು ಬೇರೆ ಮನೆ ಇಲ್ಲದಿರಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಶಾಲೆ ಅದು.

ಇಂಗ್ಲೆಂಡಿನ ಕಾನೂನಿನಲ್ಲೂ ಇಂಥದೊಂದು ಸಾಲಿದೆ ಎಂದು ಗೊತ್ತಾದಾಗ ನಾನು ಬೆರಗಾದೆ. ಅವರ 1989ರ ಮಕ್ಕಳ ಕಾಯ್ದೆಗೆ 2000ದಲ್ಲಿ ಸೇರಿಸಿದ್ದು. ಸ್ಥಳೀಯ ಆಡಳಿತದ ಆರೈಕೆಯಲ್ಲಿ ಬೆಳೆದು ಪೂರ್ಣಾವಧಿ ಉನ್ನತ ಶಿಕ್ಷಣದಲ್ಲಿರುವ, ಇಪ್ಪತ್ತೈದು ತುಂಬದವರಿಗೆ ರಜೆಯಲ್ಲಿ ಕಾಲೇಜಿನ ವಸತಿ ಸಿಗದಿದ್ದರೆ, ಆ ಆಡಳಿತವೇ ವಸತಿ ಕೊಡಬೇಕು, ಇಲ್ಲವೇ ಅದಕ್ಕೆ ಬೇಕಾದ ಹಣ ಕೊಡಬೇಕು. ಆ ದೇಶವೇನೂ ಸ್ವರ್ಗವಲ್ಲ; ಪೂರ್ಣಾವಧಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಅಲ್ಲಿಯೂ ಬಾಡಿಗೆಯ ಸರ್ಕಾರಿ ನೆರವು ಸಿಗುವುದಿಲ್ಲ. ಆದರೂ ‘ರಜೆಯಲ್ಲಿ’ ಎಂಬ ಒಂದು ಪದವನ್ನು ಯಾರೋ ಯೋಚಿಸಿ ಬರೆದಿದ್ದಾರೆ.

ನಾನೀಗ ಅಲೆಮಾರಿ ಸಮುದಾಯಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಶಿಗ್ಗಾಂವಿ ಹೊರಗಿನ ಒಂದು ಟೆಂಟಿನ ತಾಯಿ ಹೇಳಿದ್ದು: ವಸತಿ ಶಾಲೆಯಲ್ಲಿದ್ದ ಮಗ ರಜೆಗೆ ಬಂದಾಗ ಇವರು ಬೇರೆ ಊರಿಗೆ ಹೋಗಿದ್ದರು, ಹುಡುಗ ಎರಡು ದಿನ ಹುಡುಕಿದ. ಅವಳು ನಗುತ್ತಲೇ ಹೇಳಿದಳು. ನಾನು ಬರೆದುಕೊಂಡೆ.

ಒಬ್ಬ ವಾರ್ಡನ್ ಅಕ್ಕನ ಹತ್ತಿರ ಇದನ್ನೆಲ್ಲ ಮಾತಾಡಿದೆ. ‘ಅಡಿಗಿ ಮಾಡೋರಿಗೂ ಮನಿ ಇರತಾವಲ್ಲವಾ’ ಎಂದರು. ನ್ಯಾಯದ ಮಾತೇ. ಹುಡುಗಿಯರ ಕಾವಲು, ರಿಪೇರಿ, ಸುಣ್ಣಬಣ್ಣ, ಎಲ್ಲ ನಿಜ. ಎಲ್ಲ ಹಾಸ್ಟೆಲು ತೆರೆದಿಡಿ ಎಂದು ನಾನು ಕೇಳುವುದಿಲ್ಲ. ತಾಲ್ಲೂಕಿಗೊಂದು, ಹುಡುಗಿಯರಿಗೊಂದು ಹುಡುಗರಿಗೊಂದು, ಪಾಳಿಯ ಮೇಲೆ ಒಬ್ಬ ಅಡುಗೆಯವರು, ಆ ಎರಡು ತಿಂಗಳಿಗೂ ಊಟದ ಅನುದಾನ. ಆಗುವುದಿಲ್ಲ ಎನ್ನುವವರಿಗೆ 2020ರ ಮೇ ತಿಂಗಳನ್ನು ನೆನಪಿಸಬೇಕು. ಗೋವಾದಿಂದ ವಾಪಸಾದ ನನ್ನ ಅಪ್ಪ, ಅವ್ವ ಹದಿನಾಲ್ಕು ದಿನ ಕ್ವಾರಂಟೈನಿನಲ್ಲಿ ಇದ್ದದ್ದು ಒಂದು ಸರ್ಕಾರಿ ಹಾಸ್ಟೆಲಿನಲ್ಲೇ. ಬೇಸಿಗೆಯಲ್ಲಿ ಬೀಗ ತೆಗೆದರು, ಅನ್ನ ಹಾಕಿದರು, ಕಾವಲಿಗೂ ಜನ ಸಿಕ್ಕರು. ಅವ್ವ ಫೋನು ಮಾಡಿ, ‘ನಿಮ್ಮ ಬೋರ್ಡಿಂಗಿನಾಗ ಅದೇವಿ, ಫ್ಯಾನ್ ಛಲೋ ಐತಿ’ ಎಂದಿದ್ದಳು.

ಈಗ ಶಿಗ್ಗಾಂವಿಯಲ್ಲಿ ನನಗೊಂದು ಬಾಡಿಗೆ ಕೋಣೆ ಇದೆ. ಕಳೆದ ಏಪ್ರಿಲ್‌ನಲ್ಲಿ ಹಾಸ್ಟೆಲು ಮುಚ್ಚಿದಾಗ ಹಿರೇಕೆರೂರು ಕಡೆಯ ಇಬ್ಬರು ಹುಡುಗಿಯರು ಟ್ರಂಕು ಸಮೇತ ಬಂದರು. ಯಾರೋ ನನ್ನ ಹೆಸರು ಹೇಳಿದ್ದರಂತೆ. ಒಬ್ಬಳು ಜೂನ್ ತನಕ ಇದ್ದು, ಬೆಳಿಗ್ಗೆ ಅಂಗಡಿ ಕೆಲಸ ಮಾಡಿಕೊಂಡು ಓದಿದಳು. ಇನ್ನೊಬ್ಬಳನ್ನು ಹನ್ನೊಂದನೆಯ ದಿನ ಅವಳ ಚಿಕ್ಕಪ್ಪ ಬಂದು ಕರೆದೊಯ್ದ. ಎಂಟು ದಿನದಲ್ಲಿ ಬರ್ತೀನಕ್ಕಾ ಎಂದು ಪುಸ್ತಕ ಬಿಟ್ಟು ಹೋಗಿದ್ದಾಳೆ. ಅವಳ ಹಾಸ್ಟೆಲ್ ಸೀಟು ಜುಲೈನಲ್ಲಿ ಬೇರೆಯವರಿಗೆ ಹಂಚಿಕೆಯಾಯಿತು. ಪುಸ್ತಕ ಇನ್ನೂ ನನ್ನ ಹತ್ತಿರವೇ ಇವೆ.