ಹಿತ್ತಾಳೆಯ ಮೇಲೊಂದು ಹೊಳೆಯುವ ಗೆರೆ

ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಮುಡಿಸಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಾಣುತ್ತ ಬೆಳೆದವರು ನಾವು. ಈಗ ಸಿಡ್ನಿಯಲ್ಲಿ ಇಬ್ಬರು, ಮೆಲ್ಬರ್ನಿನಲ್ಲಿ ಇಬ್ಬರು. ಇಲ್ಲಿ ಕೋವಿ ಹೊಂದಲು ಪರವಾನಗಿಯ ಜೊತೆಗೆ ತಕ್ಕ ಕಾರಣವನ್ನೂ ತೋರಿಸಬೇಕು. 1996ರ ರಾಷ್ಟ್ರೀಯ ಒಪ್ಪಂದದ ಬಳಿಕ ಆತ್ಮರಕ್ಷಣೆ ಅಂಥ ಕಾರಣವೆನಿಸುವುದಿಲ್ಲ. ನಮ್ಮ ಕಾರಣ ಗುರಿಸ್ಪರ್ಧೆ. ಸಿಡ್ನಿಯವರು ಹೋಗುವ ಆನ್ಜಾಕ್ ರೈಫಲ್ ರೇಂಜ್ ಇರುವುದು ಮಲಬಾರ್ ಎಂಬ ಕಡಲಂಚಿನ ಬಡಾವಣೆಯಲ್ಲಿ. ಕೊಡಗಿನ ನೆರೆಯ ಮಲಬಾರ್ ನೆನಪಾಗುವುದು ಸಹಜವಾದರೂ, ಬಡಾವಣೆಗೆ ಆ ಹೆಸರು ಬಂದದ್ದು 1931ರಲ್ಲಿ ಅಲ್ಲಿನ ಬಂಡೆಗೆ ಬಡಿದು ಒಡೆದ ಹಡಗಿನಿಂದ.

ನಮ್ಮ ರೈಫಲ್‌ಗಳು ಲಿತ್ಗೋ ಕಾರ್ಖಾನೆಯ ಹಳೆಯ .303ಗಳು. ತೋಟಾ ದುಬಾರಿ, ಆದ್ದರಿಂದ ಹಾರಿಸಿದ ಹಿತ್ತಾಳೆ ಕೇಸ್‌ಗಳನ್ನು ಹೆಕ್ಕಿ ತಂದು ಮರಳಿ ತುಂಬಿಕೊಳ್ಳುತ್ತೇವೆ. ಅದಕ್ಕೆ ಮೊದಲು ಹಿಗ್ಗಿದ ಕೇಸನ್ನು ಡೈಯೊಳಗೆ ಒತ್ತಿ ಅಳತೆಗೆ ತರಬೇಕು. ತೊಡಕೆಲ್ಲ ಇಲ್ಲಿಯೇ.

ಕಳೆದ ಚಳಿಗಾಲದಲ್ಲಿ ಮೆಲ್ಬರ್ನಿನ ಗೆಳೆಯರ ಕೇಸ್‌ಗಳ ಬುಡದ ಅಂಚಿನಿಂದ ತುಸು ಮೇಲೆ, ಮೂರನೆಯ ಈಡಿನ ಬಳಿಕ, ಉಂಗುರದಂಥ ಹೊಳೆಯುವ ಗೆರೆ ಕಾಣಿಸಿತು. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಇಳಿಸಿ ಗೋಡೆಯುದ್ದಕ್ಕೂ ಎಳೆದರೆ ಆ ಜಾಗದಲ್ಲಿ ಸಣ್ಣ ಹಳ್ಳಕ್ಕೆ ಸಿಕ್ಕಿ ತಡೆಯುತ್ತಿತ್ತು. ಗೋಡೆ ಒಳಗಿನಿಂದ ತೆಳುವಾಗುತ್ತಿದೆ ಎಂದರ್ಥ. ಮುಂದಿನ ಈಡಿಗೆ ಬುಡವೇ ಕಳಚಿ, ಕಾದ ಅನಿಲ ಕಣ್ಣಿನತ್ತ ನುಗ್ಗಬಹುದು. ಹಿತ್ತಾಳೆಯೇ ಕಳಪೆಯೆಂದು ಹೊಸ ಪೊಟ್ಟಣ ತಂದರು. ಮೂರನೆಯ ಈಡಿಗೆ ಅದೇ ಗೆರೆ.

ಕಾರಣ ಹಿತ್ತಾಳೆಯಲ್ಲಿರಲಿಲ್ಲ. ಕೆಸರು ಮೆತ್ತಿದ ತೋಟಾ ಕೂಡ ಒಳಹೋಗಲೆಂದು ಯುದ್ಧಕಾಲದ ಈ ರೈಫಲ್‌ಗಳ ಗೂಡನ್ನು ಸಡಿಲವಾಗಿ ಕೊರೆದಿದ್ದಾರೆ. ತೋಟಾವನ್ನು ಹಿಡಿದು ನಿಲ್ಲಿಸುವುದು ಬುಡದ ಅಂಚು. ಮುಂದಿನ ಹೆಗಲು ಗೂಡಿಗೆ ತಾಗಿರಬೇಕೆಂದೇನೂ ಇಲ್ಲ. ಈಡಾದಾಗ ಹೆಗಲು ಮುಂದೆ ಸರಿದು ಗೂಡನ್ನು ತುಂಬುತ್ತದೆ. ಡೈಯನ್ನು ಕೆಳಗಿನ ಶೆಲ್‌ಹೋಲ್ಡರಿಗೆ ತಾಗುವವರೆಗೆ ತಿರುಗಿಸಿದರೆ ಹೆಗಲು ಮತ್ತೆ ಹಿಂದಕ್ಕೆ ಹೋಗುತ್ತದೆ. ಹೀಗೆ ಪ್ರತಿ ಸಲವೂ ಹಿಗ್ಗಿಸಿ ಕುಗ್ಗಿಸಿದಾಗ ಬುಡದ ಬಳಿ ಹಿತ್ತಾಳೆ ಸವೆಯದೆ ಇದ್ದೀತೇ?

ಮದ್ದು ಸುಲಭವಾಗಿತ್ತು. ಕೇಸಿನ ಕೊರಳು, ಹೆಗಲುಗಳಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಡೈಯನ್ನು ಮೇಲಕ್ಕೆತ್ತಿ, ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆವು. ಕೊರಳಿನ ಮಸಿ ಅಳಿಸಿ, ಹೆಗಲಿನದು ಹಾಗೆಯೇ ಉಳಿದಿರುವಲ್ಲಿ ನಿಲ್ಲಿಸಿದೆವು. ಅದೇ ರೈಫಲ್‌ನಲ್ಲಿ ಬೋಲ್ಟ್ ಸಲೀಸಾಗಿ ಮುಚ್ಚಿತು. ಆದರೆ ಮೆಲ್ಬರ್ನಿನ ಕೇಸ್ ಸಿಡ್ನಿಯ ರೈಫಲ್‌ಗೆ ಹೊಂದಲಿಲ್ಲ. ಅದರ ಗೂಡೇ ಬೇರೆ. ಅಂದಿನಿಂದ ಒಂದೊಂದು ರೈಫಲ್‌ಗೂ ಪ್ರತ್ಯೇಕ ಡಬ್ಬಿ.

ಎಣ್ಣೆಯ ಮಾತನ್ನೂ ಹೇಳಬೇಕು. ಕಡಿಮೆಯಾದರೆ ಕೇಸ್ ಡೈಯೊಳಗೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಹೆಗಲು ನೆಗ್ಗುತ್ತದೆ. ದೋಸೆಕಾವಲಿಗೆ ಸವರುವಷ್ಟು ಸಾಕು. ಮೆಲ್ಬರ್ನಿನ ಫುಟ್ಸ್‌ಕ್ರೇ ಕಾರ್ಖಾನೆಯ ‘ಎಂ.ಎಫ್.’ ಮುದ್ರೆಯ ಹಳೆಯ ಸೈನಿಕ ಕೇಸ್‌ಗಳನ್ನಂತೂ ಮುಟ್ಟದಿರುವುದೇ ಲೇಸು. ಅವುಗಳ ಬುಡದಲ್ಲಿ ನಡುವಿನ ಒಂದು ರಂಧ್ರದ ಬದಲು ಬದಿಗೆ ಎರಡಿರುವುದರಿಂದ ಡೈಯ ಸೂಜಿ ಮುರಿಯುತ್ತದೆ.

ಗೆರೆ ಬಿದ್ದವುಗಳನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಿದೆವು. ಆಮೇಲೆ ತಂದ ಕೇಸ್‌ಗಳು ಈಗ ಆರನೆಯ ಈಡು ಮುಗಿಸಿವೆ. ತಂತಿ ಇನ್ನೂ ಎಲ್ಲಿಯೂ ತಡೆದಿಲ್ಲ.