ಐವತ್ತೇಳರ ಪ್ರಗತಿಪತ್ರ

ಮೊನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತ, "ಸಿಂಕ್ವೆಂತಾ ಇ ಸಿಯೆತೆ, ಸಿಂಕ್ವೆಂತಾ ಇ ಸಿಯೆತೆ" ಎಂದು ಬಾಯಿಪಾಠ ಮಾಡುತ್ತಿದ್ದೆ. ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಯಾವ ದೇವರ ಮಂತ್ರರೀ ಟೀಚರ್? ನಾ ಒಮ್ಮಿನೂ ಕೇಳಿಲ್ಲಲ್ಲ!" ಅಂದಳು. ಮಂತ್ರವಲ್ಲ, ಅದು ನನ್ನ ವಯಸ್ಸು. ಸ್ಪ್ಯಾನಿಷ್ ಭಾಷೆಯಲ್ಲಿ ಐವತ್ತೇಳು. ಬಿಡಿಸಿ ಹೇಳಿದರೆ ಆಕೆ ಹಣೆ ಬಡಿದುಕೊಂಡಳು. "ರಿಟಾಯರ್ ಆಗೂ ಹೊತ್ತಿನ್ಯಾಗ ಏನ್ ಉಸಾಬರಿರೀ ಇದು?"

ಉಸಾಬರಿಯೇ ಸರಿ. ಗದಗ ತಾಲೂಕಿನ ಹಿರೇಹಂದಿಗೋಳದಲ್ಲಿ ಕೂತು ಸ್ಪ್ಯಾನಿಷ್ ಕಲಿಯುತ್ತೇನೆಂದರೆ ನಗದವರು ಯಾರು? ನಮ್ಮ ಮನೆಯವರಂತೂ ಮೊದಲ ವಾರ ಕಟ್ಟೆಯ ಮೇಲೆ ಸಿಕ್ಕವರಿಗೆಲ್ಲ, "ನಮ್ಮ ಟೀಚರು ಎರಡನೇ ಸಲ ಒಂದನೇ ಇಯತ್ತೆಗೆ ಹೆಸರು ಹಚ್ಚ್ಯಾರ" ಎಂದು ಡಂಗುರ ಹೊಡೆದರು.

ಕಾರಣ ಇಲ್ಲದಿಲ್ಲ. ಮಗ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋಗಿ ಐದು ವರ್ಷ ದಾಟಿತು. ಮೊಮ್ಮಗಳು ಹುಟ್ಟಿದ್ದು ಅಲ್ಲಿಯೇ. ಮೂರು ವರ್ಷದವರೆಗೆ "ಅಜ್ಜಿ, ಬಾ, ಹಾಲು ತಾ" ಎಂದು ಕನ್ನಡದಲ್ಲೇ ಉಲಿಯುತ್ತಿದ್ದ ಮಗು, ಅಲ್ಲಿಯ ಶಾಲೆಗೆ ಹೋಗತೊಡಗಿದ ಆರೇ ತಿಂಗಳಲ್ಲಿ ಬೇರೆಯಾಯಿತು. ಅಲ್ಲಿ ಅವರು ಮಧ್ಯಾಹ್ನದ ಊಟ ಮುಗಿಸುವ ಹೊತ್ತು, ಇಲ್ಲಿ ನಾವು ದೀಪ ಹಚ್ಚುವ ಹೊತ್ತು. ರವಿವಾರ ಆಗಲೇ ನಮ್ಮ ವಿಡಿಯೋ ಕರೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಸ್ಪ್ಯಾನಿಷಿನಲ್ಲಿ ಉತ್ತರ ಕೊಡುವಳು. ಸೊಸೆ ನಡುವೆ ಕೂತು ದುಭಾಷಿ.

ಒಂದು ದಿನ ಸೊಸೆ ಒಳಗೆ ಹೋಗಿದ್ದಾಗ ಮಗು ಉಸಿರು ಕಟ್ಟಿ, ಕೈ ಆಡಿಸುತ್ತ ಏನೋ ದೊಡ್ಡ ಸುದ್ದಿ ಹೇಳಿತು. ನನಗೆ ಒಂದಕ್ಷರ ತಿಳಿಯಲಿಲ್ಲ. "ಹೌದಾ ಪುಟ್ಟಿ? ಛಲೋ ಆತು ಬಿಡು" ಎಂದು ನಕ್ಕೆ. ಮಗುವಿನ ಮುಖ ಸಣ್ಣದಾಯಿತು. ಎದ್ದು ಹೋದದ್ದು ಮತ್ತೆ ಬರಲಿಲ್ಲ. ಆಮೇಲೆ ಸೊಸೆ ಹೇಳಿದಳು, ಅವಳ ಜೀವದ ಗೆಳತಿ ಊರು ಬಿಟ್ಟು ಹೋಗುತ್ತಿದ್ದಾಳೆಂದು ದುಃಖ ಹೇಳಿಕೊಂಡಿದ್ದಳಂತೆ. ಅದಕ್ಕೆ ಅಜ್ಜಿಯ ಉತ್ತರ, ಛಲೋ ಆತು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಶಾಲೆಯ ತರುಣ ಮಾಸ್ತರರೊಬ್ಬರಿಗೆ ದುಂಬಾಲು ಬಿದ್ದು ಮೊಬೈಲಿನಲ್ಲಿ ಪಾಠ ಹಾಕಿಸಿಕೊಂಡೆ.

ಶುರುವಾತು ಸುಖವಾಗಿತ್ತು. ನಮ್ಮ ವರ್ಣಮಾಲೆಯಲ್ಲಿ ಕೂತು ಉಣ್ಣುವ ಅಕ್ಷರವೊಂದಿದೆಯಲ್ಲ, ಞ? "ಇದನ್ನ ಯಾಕ ಕಲೀಬೇಕ್ರೀ ಟೀಚರ್?" ಎಂದು ಮಕ್ಕಳು ಕೇಳಿದಾಗಲೆಲ್ಲ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಸ್ಪ್ಯಾನಿಷಿನಲ್ಲಿ ಅದಕ್ಕೆ ಕೈತುಂಬ ಕೆಲಸ. ನೀಞೊ ಎಂದರೆ ಹುಡುಗ, ಮಾಞಾನಾ ಎಂದರೆ ನಾಳೆ, ಆಞೊ ಎಂದರೆ ವರ್ಷ. ಅವರ ಭಾಷೆಯ ಹೆಸರೇ ಎಸ್ಪಾಞೋಲ್. ಅವರು ಬರೆಯುವಾಗ ಎನ್ ಅಕ್ಷರದ ತಲೆಯ ಮೇಲೆ ಒಂದು ಡೊಂಕು ಗೆರೆ ಎಳೆಯುತ್ತಾರೆ. ವಯಸ್ಸು ಹೇಳುವಾಗ ನಾನೊಮ್ಮೆ ಆಞೊ ಎನ್ನುವಲ್ಲಿ ಬರಿಯ 'ನೊ' ಅಂದುಬಿಟ್ಟೆ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರ್ಥ ಏನೆಂದು ಸೊಸೆಯನ್ನು ಕೇಳಿದರೆ ಅವಳೂ ನಕ್ಕಳೇ ಹೊರತು ಹೇಳಲಿಲ್ಲ. ಪದಕೋಶ ನೋಡಿ ನಾನೇ ನಾಚಿದೆ. ನಾನೂ ಇಲ್ಲಿ ಹೇಳುವುದಿಲ್ಲ.

ರಕಾರವೂ ಅವರಲ್ಲಿ ಎರಡು, ಹಳಗನ್ನಡದ ರ ಮತ್ತು ಱ ಇದ್ದಹಾಗೆ. ಪೆರೊ ಎಂದರೆ 'ಆದರೆ', ನಾಲಿಗೆ ಗಡಗಡಿಸಿ ಪೆಱೊ ಎಂದರೆ 'ನಾಯಿ'. ನಮ್ಮವರು ಕೈಬಿಟ್ಟ ಶಕಟರೇಫವನ್ನು ಈ ವಯಸ್ಸಿನಲ್ಲಿ ಅವರಿಂದ ಕಲಿಯಬೇಕಾಯಿತು. ನನ್ನ ಬಾಯಲ್ಲಿ ಇನ್ನೂ ಎಲ್ಲ ನಾಯಿಗಳೂ 'ಆದರೆ'ಗಳೇ.

ಇನ್ನೊಂದು ಸೋಜಿಗ. 'ನಾನು' ಎಂದು ಹೇಳದೆಯೇ ಅವರ ಕ್ರಿಯಾಪದ ನಡೆಯುತ್ತದೆ, ನಮ್ಮದರಂತೆ. ಆಬ್ಲೊ ಅಂದರೆ ಮಾತಾಡುತ್ತೇನೆ, ಆಬ್ಲಾಮೋಸ್ ಅಂದರೆ ಮಾತಾಡುತ್ತೇವೆ. ನೀನು, ನೀವು ಎಂಬ ಭೇದವೂ ಇದೆ. ಇಂಗ್ಲಿಷಿನವರು 'ನಾನು ಇಷ್ಟಪಡುತ್ತೇನೆ' ಎನ್ನುವಲ್ಲಿ ಇವರು 'ಮೆ ಗುಸ್ತಾ' ಅನ್ನುತ್ತಾರೆ. ನಮ್ಮ 'ನನಗೆ ಸೇರತದ' ಎಂಬ ಮಾತೇ ಅದು.

ಅಷ್ಟೇ ಅಲ್ಲ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಅಕ್ಕತಂಗಿಯರು. 1510ರಲ್ಲಿ ಗೋವೆಯಲ್ಲಿ ತಳವೂರಿದ ಪೋರ್ಚುಗೀಸರಿಂದ ನಮ್ಮ ಕಡೆಗೆ ಬಂದ ಮಾತುಗಳು ಎಷ್ಟೊಂದು! ನಾವು ತಿಂಗಳಿಗೊಮ್ಮೆ ಎಣಿಸುವ ಪಗಾರ ಅವರ 'ಪಗಾರ್', ಅಂದರೆ ಹಣ ಕೊಡುವುದು, ಸ್ಪ್ಯಾನಿಷಿನಲ್ಲೂ ಅದೇ. ಬಟಾಟಿ, ತಂಬಾಕು, ಚಾವಿ, ಪಾದ್ರಿ ಎಲ್ಲ ಅದೇ ಹಡಗಿನವು. ವಡಾಪಾವ್‌ನ ಪಾವ್ ಎಂದರೆ ಅವರ ರೊಟ್ಟಿ; ಸ್ಪ್ಯಾನಿಷಿನಲ್ಲಿ ಅದು ಪಾನ್. ನಾವು ಊಟ ಮುಗಿಸಿ ತಿನ್ನುವ ಪಾನ್ ಅವರಿಗೆ ಊಟವೇ! ಮಾತೇನು, ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಹೊಲದ ಶೇಂಗಾ, ಗೋವಿನಜೋಳ ಕೂಡ 1492ರಲ್ಲಿ ಕೊಲಂಬಸ್ ಸ್ಪೇನಿನಿಂದ ಹೋಗಿ ತಲುಪಿದ ಆ ಅಮೆರಿಕಾ ಖಂಡದ ಕಡೆಯವೇ. ಇದನ್ನೆಲ್ಲ ಹೇಳಿದ ಮೇಲೆ ಪಕ್ಕದ ಮನೆಯಾಕೆ, "ಹಂಗಾರ ಅವ್ರು ನಮ್ಮ ಬೀಗರs ಅನ್ರಿ" ಎಂದು ಒಪ್ಪಿಕೊಂಡಳು.

ಇಲ್ಲಿಯವರೆಗೆ ಸುಖ. ಕಷ್ಟ ಶುರುವಾದದ್ದು ಎರಡನೆಯ ತಿಂಗಳಲ್ಲಿ. ಕನ್ನಡದ ಮೂಲಕ ಸ್ಪ್ಯಾನಿಷ್ ಕಲಿಸುವ ಪಾಠ ನನಗೆ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಓದಬೇಕು, ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತರಬೇಕು, ಅಲ್ಲಿಂದ ಸ್ಪ್ಯಾನಿಷಿಗೆ ಹಾರಬೇಕು. ಉತ್ತರ ಗೊತ್ತಿದ್ದರೂ ಅಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಮೊಬೈಲು ಟುಯ್ ಎಂದು ತಪ್ಪು ಸಾರುತ್ತಿತ್ತು. ಒಂದು ರಾತ್ರಿ ಹತ್ತರಲ್ಲಿ ಏಳು ತಪ್ಪಿ, ಮೊಬೈಲನ್ನು ಹಾಸಿಗೆಯ ಮೇಲೆ ಎಸೆದು ಕೂತೆ. "ಬಿ.ಎ., ಬಿ.ಎಡ್. ಮಾಡಿದವಳು ನಾನು, ದಡ್ಡಿಯಲ್ಲ" ಎಂದು ಬಾಯಿಬಿಟ್ಟು ಹೇಳಿಕೊಂಡೆ. ಹಾಗೆ ಹೇಳಿದ ಕ್ಷಣ, ಎಷ್ಟೋ ವರ್ಷಗಳ ಹಿಂದಿನ ಒಂದು ಮುಖ ಕಣ್ಣೆದುರು ಬಂದು ನಿಂತಿತು.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. 1995ರ ಸುಮಾರು. ಶಿರಹಟ್ಟಿ ತಾಲೂಕಿನ ಒಂದು ಶಾಲೆಯಲ್ಲಿ ಐದನೆಯ ಇಯತ್ತೆ ಕೊಟ್ಟಿದ್ದರು. ಆ ಕಾಲಕ್ಕೆ ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಐದರಿಂದಲೇ ಆರಂಭ. ನಾನು ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಛಲೋ ಕಲಿಸುತ್ತೇನೆಂಬ ಹೆಮ್ಮೆಯೂ ಇತ್ತು. ಕೊನೆಯ ಸಾಲಿನಲ್ಲಿ ತಾಂಡಾದಿಂದ ಬರುವ ಒಬ್ಬ ಲಂಬಾಣಿ ಹುಡುಗಿ. ಕೇಳಿದರೆ ಎದ್ದು ನಿಲ್ಲುವಳು, ತುಟಿ ಅಲ್ಲಾಡಿಸುವಳು, ಮಾತು ಹೊರಡದು. ಮುಂದಿನವರು ಉತ್ತರ ಹೇಳಿದ ಮೇಲೆ ಅವಳ ಬಾಯಿ ತೆರೆಯುತ್ತಿತ್ತು. ಅಷ್ಟರಲ್ಲಿ ನಾನು "ಕೂಡು" ಅಂದಿರುತ್ತಿದ್ದೆ. ನಾಲ್ಕು ಸಲ ಬೆರಳ ಗೆಣ್ಣಿಗೆ ಅಳತೆಪಟ್ಟಿಯ ಏಟೂ ಕೊಟ್ಟೆ. ಅವಳ ಅಪ್ಪ ಬಂದಾಗ ಮಗುವಿನ ಎದುರಿಗೇ, "ಇಕಿ ದಡ್ಡಿ ಅದಾಳ" ಎಂದೆ. ಪ್ರಗತಿಪತ್ರದ ಷರಾದಲ್ಲೂ ಹೆಚ್ಚು ಕಡಿಮೆ ಅದನ್ನೇ ಬರೆದೆ.

ಒಮ್ಮೆ ಜನಗಣತಿಯಂಥದೇ ಏನೋ ಕೆಲಸಕ್ಕೆ ತಾಂಡಾಕ್ಕೆ ಹೋಗಿದ್ದೆ. ಬೇವಿನ ಮರದ ಬುಡದಲ್ಲಿ ಐದಾರು ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಯಾರೋ ಹುಡುಗಿ ಕತೆ ಹೇಳುತ್ತಿದ್ದಳು. ರಾಜನ ದನಿ ಬೇರೆ, ಮುದುಕಿಯ ದನಿ ಬೇರೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಹತ್ತಿರ ಹೋದರೆ ಅವಳೇ! ನನ್ನನ್ನು ಕಂಡವಳೇ ಎದ್ದು ನಿಂತಳು, ತುಟಿ ಮುಚ್ಚಿದಳು. ಅವರ ಮನೆಮಾತು ರಾಜಸ್ಥಾನದ ಕಡೆಯ ಬಳಗದ್ದು, ಕನ್ನಡದ ಬಳಗವೇ ಅಲ್ಲ. ಅಲ್ಲಿ ಅವ್ವ 'ಯಾಡಿ', ನೀರು 'ಪಾಣಿ'. ಆ ಹುಡುಗಿಗೆ ನನ್ನ ಕನ್ನಡವೇ ಒಂದು ಗುಡ್ಡ, ಅದರ ಆಚೆಗೆ ಇಂಗ್ಲಿಷ್ ಇನ್ನೊಂದು ಗುಡ್ಡ. ಇದು ನನಗೆ ಅಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ದೀಪಾವಳಿಯ ನಂತರ ಅವರ ಮನೆಯವರು ಕೆಲಸಕ್ಕೆಂದು ಗೋವೆಗೆ ಹೋದರು. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಹಾಜರಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳೂ ನಾನೇ.

ಈಗ ಮೊಬೈಲಿನ ಮುಂದೆ ನಾನು ನಿಂತಿರುವುದು ಅವಳ ಜಾಗದಲ್ಲಿ. ಒಂದೇ ಫರಕೆಂದರೆ ಮೊಬೈಲು ನನ್ನ ಬೆರಳಿಗೆ ಹೊಡೆಯುವುದಿಲ್ಲ. ತಪ್ಪಿದರೆ ಮತ್ತೆ ಅದೇ ಪ್ರಶ್ನೆ ಕೇಳುತ್ತದೆ, ಮತ್ತೆ ಮತ್ತೆ ಕೇಳುತ್ತದೆ. ಅಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

ಕೆಲ ವಾರಗಳ ಬಳಿಕ 'ಇರುವುದು' ಎಂಬುದರ ಪಾಠ ಬಂತು. ಸ್ಪ್ಯಾನಿಷಿನಲ್ಲಿ ಅದಕ್ಕೆ ಎರಡು ಕ್ರಿಯಾಪದ. ಒಬ್ಬರು ಯಾರು, ಎಂಥವರು ಎಂಬುದಕ್ಕೆ 'ಎಸ್'. ಈಗ ಹೇಗಿದ್ದಾರೆ, ಎಲ್ಲಿದ್ದಾರೆ ಎಂಬುದಕ್ಕೆ 'ಎಸ್ತಾ'. ಇಂಗ್ಲಿಷಿನಿಂದ ಹೋದವರಿಗೆ ಇದು ಬಹಳ ಕಾಡುತ್ತದೆ. ಕನ್ನಡದಿಂದ ಯೋಚಿಸಿದರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತದೆ. 'ಅವಳು ಟೀಚರ್' ಅನ್ನುತ್ತೇವೆ, ಅಲ್ಲಿ 'ಇದ್ದಾಳೆ' ಬೇಡ. 'ಅವಳು ದಣಿದಿದ್ದಾಳೆ' ಎನ್ನುವಲ್ಲಿ ಬೇಕು. ಎಲ್ಲ ಕಡೆಗೂ ಈ ಲೆಕ್ಕ ಕೂಡುವುದಿಲ್ಲ. ಸತ್ತವರಿಗೂ ಅವರು 'ಎಸ್ತಾ' ಅನ್ನುತ್ತಾರೆ! ಆದರೂ ಆ ದಿನ ನೋಟಪುಸ್ತಕದಲ್ಲಿ ಎರಡು ಕಾಲಂ ಎಳೆದು ವಾಕ್ಯ ತುಂಬುತ್ತ ಹೋದವಳು ಒಂದು ಕಡೆ ನಿಂತುಬಿಟ್ಟೆ. ಆ ಹುಡುಗಿ ಸುಮ್ಮನಿದ್ದಳು, ತಿಳಿಯದೆ ನಿಂತಿದ್ದಳು, ಅಂಜಿದ್ದಳು. ಎಲ್ಲವೂ ಎಸ್ತಾ ಕಾಲಂನವು. ನಾನು ಅವಳನ್ನು ಎಸ್ ಕಾಲಂನಲ್ಲಿ ಬರೆದೆ, ಅದೂ ಕೆಂಪು ಶಾಯಿಯಲ್ಲಿ. ಬೇರೆ ಭಾಷೆಯ ವ್ಯಾಕರಣ ಕಲಿಯದೆಯೇ ಇಷ್ಟು ತಿಳಿಯಬೇಕಿತ್ತಲ್ಲವೇ, ನೀವೇ ಹೇಳಿ.

ಧಾರವಾಡ, ಹುಬ್ಬಳ್ಳಿ ಕಡೆ ಇದ್ದ ಕಿಟ್ಟೆಲ್ ಸಾಹೇಬರ ನೆನಪಾಗುತ್ತದೆ. ಜರ್ಮನಿಯಿಂದ 1853ರಲ್ಲಿ ಬಂದವರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಅಷ್ಟು ದೊಡ್ಡವರೂ ಒಂದು ದಿನ ನಮ್ಮವರ ಮುಂದೆ ಮಾತು ಸಿಗದೆ ನಿಂತಿರಲೇಬೇಕು. ಆಗ ಯಾರೂ "ಕೂಡು" ಅನ್ನದೆ ಕಾದರಲ್ಲ, ಅದು ನಮ್ಮ ಪುಣ್ಯ.

ಈ ವರ್ಷ ನಮ್ಮ ಶಾಲೆಗೆ ದುಡಿಯಲು ಬಂದ ಬಿಹಾರದ ಕುಟುಂಬದ ಒಬ್ಬ ಹುಡುಗ ಸೇರಿದ್ದಾನೆ. ಮೊದಲ ವಾರವೆಲ್ಲ ಗೋಡೆ ನೋಡುತ್ತಿದ್ದ. ನಾನು ಅವನಿಂದಲೇ ದಿನಕ್ಕೆ ಐದು ಮಾತು ಹೇಳಿಸಿ ಫಲಕದ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಕನ್ನಡದ ಮಾತು. ತಪ್ಪು ಉಚ್ಚರಿಸಿದರೆ ಅವನು ನನ್ನನ್ನು ತಿದ್ದುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ, ಸ್ಪ್ಯಾನಿಷಿನಲ್ಲಿ. ಅವನಿಗೂ ಹೊತ್ತು ಸಿಗುತ್ತದೆ, ನನಗೂ ಅಭ್ಯಾಸವಾಗುತ್ತದೆ. ಏಳಕ್ಕೋ ಎಂಟಕ್ಕೋ ಅವನ ಬಾಯಿ ತೆರೆಯುತ್ತದೆ.

ಹತ್ತು ತಿಂಗಳಾಯಿತು. ನನ್ನ ಪ್ರಗತಿಪತ್ರ ನಾನೇ ಬರೆದರೆ ಹೀಗೆ. ಶಬ್ದ ಸಂಪತ್ತು: ನಾನೂರರ ಆಸುಪಾಸು, ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುತ್ತದೆಂಬ ಭರವಸೆಯಿಲ್ಲ. ಉಚ್ಚಾರ: ಞ ಉತ್ತಮ, ಱ ಪ್ರಯತ್ನ ಸಾಲದು. ಲಿಂಗ: ಕೈಯನ್ನು ಹೆಣ್ಣೆಂದೂ ದಿನವನ್ನು ಗಂಡೆಂದೂ ನೆನಪಿಡಲು ಆಗದು, ನಪಾಸು. ಕೇಳಿ ತಿಳಿಯುವುದು: ಮೊಮ್ಮಗಳು ನಿಧಾನ ಹೇಳಿದರೆ ಪಾಸು. ಷರಾದ ಜಾಗ ಖಾಲಿ ಬಿಟ್ಟಿದ್ದೇನೆ. ಯಾರ ಷರಾವನ್ನೂ ಅವಸರದಲ್ಲಿ ಬರೆಯಬಾರದೆಂದು ಈಗ ಗೊತ್ತಾಗಿದೆ.

ಮೊಮ್ಮಗಳಿಗೆ ಈಗ ಅಜ್ಜಿಗೆ ಕಲಿಸುವ ಹುಮ್ಮಸ್ಸು. ನನಗೆ ಬಿಡಿಸಿ ಹೇಳಬೇಕೆಂದರೆ ಅವಳಿಗೂ ಕನ್ನಡ ಬೇಕಲ್ಲ, ಮರೆತ ಮಾತುಗಳನ್ನು ಅವರಮ್ಮನಿಂದ ಕೇಳಿಕೊಂಡು ಬರುತ್ತಾಳೆ. ಕಳೆದ ರವಿವಾರ ಊರು ಬಿಟ್ಟು ಹೋದ ಆ ಗೆಳತಿಯ ಚಿತ್ರ ಬರೆದು ತೋರಿಸಿದಳು. ನಾನು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿ, ಕೇಳಿದೆ: "ಎಸ್ತಾಸ್ ತ್ರಿಸ್ತೆ?" ದುಃಖ ಆಗಿದೆಯಾ ಅಂತ.

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಕನ್ನಡದಲ್ಲೇ ಹೇಳಿದಳು: "ಆಗ ಇತ್ತು ಅಜ್ಜಿ. ಈಗ ಛಲೋ ಇದ್ದೀನಿ."