ಹೊತ್ತಿನ ಮಾತು

ಉದ್ಯೋಗಾರ್ಥಿಯು ಸಂದರ್ಶನಕ್ಕೆ ಹೊರಡುವಾಗ ಅಂಕಪಟ್ಟಿಯನ್ನು ಮರೆಯುವುದಿಲ್ಲ; ಮಡಿಸಿಟ್ಟ ಅಂಗಿಯನ್ನು ಮರೆಯುವುದಿಲ್ಲ. ತನ್ನ ದಿನದಲ್ಲಿ ಎಷ್ಟು ಹೊತ್ತನ್ನು ಪರರಿಗೆ ಕೊಡಬಲ್ಲೆನೆಂಬ ಲೆಕ್ಕವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೋಗುತ್ತಾನೆ. “ಯಾವ ಪಾಳಿಗೆ ಬರಬಲ್ಲಿರಿ?” ಎಂದು ಕೇಳಿದೊಡನೆ, “ಯಾವ ಹೊತ್ತಾದರೂ ಸರಿ ಸಾರ್” ಎಂಬ ಉತ್ತರ ಹೊರಟುಬಿಡುತ್ತದೆ. ಆ ಮಾತಿನಲ್ಲಿ ವಿನಯವುಂಟು, ಬಡತನದ ಭಯವೂ ಉಂಟು, ಸತ್ಯವಿರುವುದು ಅಪರೂಪ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಇಲ್ಲಿಯ ಎಷ್ಟೋ ಮನೆಗಳು ಗಡಿಯಾರಕ್ಕಿಂತ ರೇಷ್ಮೆಹುಳುವಿನ ಹೊತ್ತಿಗೆ ಹೆಚ್ಚು ಅಧೀನವಾದವು. ನಾಲ್ಕನೆಯ ಜ್ವರದಿಂದೆದ್ದ ಹುಳು ವಾರಕಾಲ ಹಗಲಿರುಳೆನ್ನದೆ ಸೊಪ್ಪನ್ನು ಬೇಡುತ್ತದೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ತಿಂಗಳ ದುಡಿಮೆಗೆ ಕುಂದು. ಬಿಡದಿಯಲ್ಲಿ ಕಾರ್ಖಾನೆಗಳು ಬೆಳೆದು, 1999ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯೂ ಅಲ್ಲಿ ವಾಹನ ತಯಾರಿಕೆಯನ್ನು ಆರಂಭಿಸಿದ ಮೇಲೆ, ಇಂಥ ಮನೆಗಳ ಮಕ್ಕಳು ಎರಡು ಹೊತ್ತುಗಳ ನಡುವೆ ನಿಂತರು. ರಾಮನಗರ, ಚನ್ನಪಟ್ಟಣಗಳವರಿಗೆ ರೈಲಾದರೂ ಉಂಟು. ಮಾಗಡಿ, ಕನಕಪುರಗಳಿಗೆ ಅದೂ ಇಲ್ಲ. ಹಳ್ಳಿಯ ಹುಡುಗನ ಪಾಲಿಗೆ ಕೊನೆಯ ಬಸ್ಸೇ ದಿನದ ಎಲ್ಲೆ.

ಆದುದರಿಂದ ಯಾವ ಹೊತ್ತಾದರೂ ಬರುವೆನೆಂದವನು ಮೊದಲ ತಿಂಗಳು ಬರುತ್ತಾನೆ. ಹುಳು ಹಣ್ಣಾದ ದಿನ ಹೇಳದೆ ಉಳಿಯುತ್ತಾನೆ. ಮೂರನೆಯ ಸಲಕ್ಕೆ ಕೆಲಸವನ್ನೇ ಕಳೆದುಕೊಳ್ಳುತ್ತಾನೆ. ನಷ್ಟವು ಅವನಿಗೇ ನಿಲ್ಲುವುದಿಲ್ಲ. ಅದೇ ಊರಿನ ಮುಂದಿನ ಹುಡುಗನನ್ನು ಸಂದರ್ಶಕರು ಸಂಶಯದಿಂದ ನೋಡುತ್ತಾರೆ.

“ಮೂರು ಪಾಳಿಗೂ ಸಿದ್ಧನಿದ್ದೇನೆ. ಇರುಳಿನ ಪಾಳಿಗೆ ನಮ್ಮೂರ ಕಡೆಗೆ ಕಂಪನಿಯ ಬಸ್ಸಿದೆಯೇ? ಬೆಳೆ ಬಂದಾಗ ಎರಡು ದಿನ ಮುಂಚಿತವಾಗಿ ತಿಳಿಸಿ ರಜೆ ಪಡೆಯಬಹುದೇ?” ಎಂದು ಕೇಳುವುದು ಉದ್ಧಟತನವಲ್ಲ. ಕೊಟ್ಟ ಮಾತನ್ನು ನಡೆಸಬೇಕೆಂಬವನು ಮಾತ್ರ ಹಾಗೆ ಕೇಳುತ್ತಾನೆ. ಕಲ್ಯಾಣದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು, ಅದನ್ನು ಹಿಂದಕ್ಕೊಪ್ಪಿಸಿ ಬರುವಂತೆ ಲಕ್ಕಮ್ಮ ಕಳುಹಿದಳು. ಕಾಯಕಕ್ಕೂ ಒಂದು ಅಳತೆಯುಂಟೆಂಬುದು ಆ ಶರಣೆಯ ನಿಲವು. ತನ್ನಲ್ಲಿಲ್ಲದ ಹೊತ್ತನ್ನು ಕೊಡುವೆನೆಂದು ಒಪ್ಪಿಕೊಳ್ಳುವುದೂ ಅಳತೆ ಮೀರಿದ ನಡೆಯೇ.

ಈ ಸತ್ಯದ ಹೊಣೆ ಬೇಡುವವನೊಬ್ಬನದೇ ಅಲ್ಲ, ಕೊಡುವವನದೂ ಹೌದು. 1948ರ ಕಾರ್ಖಾನೆಗಳ ಕಾಯಿದೆಯು ವಾರದ ದುಡಿಮೆಗೆ 48 ಗಂಟೆಗಳ ಮಿತಿಯನ್ನು ಹಾಕಿತು. ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನು ವಿಧಿಸಿತು. 2023ರಲ್ಲಿ ಕರ್ನಾಟಕವು ತಿದ್ದುಪಡಿ ತಂದು, ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶವಿತ್ತಾಗಲೂ ವಾರದ 48ನ್ನು ಕದಲಿಸಲಿಲ್ಲ. ಪಾಳಿ ಎಷ್ಟು, ವಾರದ ಬಿಡುವು ಯಾವಾಗ, ಹೆಚ್ಚುವರಿ ಹೊತ್ತಿಗೆ ಕೂಲಿ ಎಷ್ಟು ಎಂಬುದನ್ನು ಮೊದಲೇ ತಿಳಿಸುವ ಯಜಮಾನನಿಗೆ ಮುಂದೆ ಗೈರುಹಾಜರಿಯ ಗೋಳೂ ಕಡಿಮೆ.

ಶಾಲೆಗಳಲ್ಲಿ ಅರ್ಜಿ ಬರೆಯುವ ಕ್ರಮವನ್ನು ಕಲಿಸುತ್ತಾರೆ. “ವಿಧೇಯ” ಎಂದು ಕೊನೆಯಲ್ಲಿ ಬರೆಯುವುದನ್ನೂ ಕಲಿಸುತ್ತಾರೆ. ಅದರೊಡನೆ, ತನ್ನ ಹೊತ್ತಿನ ಲೆಕ್ಕವನ್ನು ತಲೆತಗ್ಗಿಸದೆ, ದನಿಯೇರಿಸದೆ ಹೇಳುವುದನ್ನೂ ಕಲಿಸಿದರೆ, ಹಳ್ಳಿಯ ಮಕ್ಕಳಿಗೆ ಸಿಕ್ಕ ಕೆಲಸ ಉಳಿಯುತ್ತದೆ. ಮನೆಯ ಬೆಳೆಯೂ ಉಳಿಯುತ್ತದೆ.